ಕಾಗೆಕಾಲು ಗುಬ್ಬಿಕಾಲು: ತಪ್ಪು ಬರೀ ಮಕ್ಕಳದ್ದಾ?

ಪರೀಕ್ಷೆ ಹತ್ತಿರ ಬಂತೆಂದರೆ ಶಿರಸಿ, ಕುಮಟಾ ಕಡೆಯ ಮನೆಗಳಲ್ಲಿ ಒಂದು ಬೈಗುಳ ಖಾಯಂ: ‘ಅಕ್ಷರ ನೋಡು, ಕಾಗೆಕಾಲು ಗುಬ್ಬಿಕಾಲು!’ ಅಜ್ಜ ಇದ್ದರೆ ಇನ್ನೊಂದು ಮಾತು ಸೇರುತ್ತದೆ: ‘ನಮ್ಮ ಮಾಸ್ತರು ದಿನಾ ಕಾಪಿ ಬರೆಸ್ತಿದ್ರು, ಮುತ್ತಿನಂಥ ಅಕ್ಷರ ನಮ್ದು.’ ಅಜ್ಜ ಹೇಳುವುದು ಅರ್ಧ ನಿಜ. ಕಾಪಿಗೂ ಮೊದಲು ಆ ಬೆರಳುಗಳಿಗೆ ಸಿಕ್ಕ ಕೆಲಸವನ್ನು ಅವರೂ ಮರೆತಿರುತ್ತಾರೆ.

1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಆ ಕಾಲದಲ್ಲಿ ಮೊದಲು ಮರಳಲ್ಲಿ ಬೆರಳಿಂದ ತಿದ್ದುವುದು, ಆಮೇಲೆ ಪಾಟಿ, ಕಡ್ಡಿ. ಶಾಯಿ ಕೈಗೆ ಬರುತ್ತಿದ್ದದ್ದು ತಡವಾಗಿ. ಮರಳಲ್ಲಿ ಇಡೀ ತೋಳು ಆಡುತ್ತದೆ. ಕಡ್ಡಿ ಪಾಟಿಯನ್ನು ಉಜ್ಜುತ್ತಾ ಹೋಗುವಾಗ ತಿರುವು ಬೆರಳಿಗೇ ಗೊತ್ತಾಗುತ್ತದೆ. ನಿಬ್ಬು ಒತ್ತಿದರೆ ಶಾಯಿ ಹರಡುತ್ತದೆ, ಹಾಗಾಗಿ ಕೈ ಹಗುರ ಮಾಡಲೇಬೇಕು. ಬಾಲ್‌ಪೆನ್ನಿಗೆ ಇಂಥ ಹಟ ಏನೂ ಇಲ್ಲ, ಹೇಗೆ ಹಿಡಿದರೂ ಬರೆಯುತ್ತದೆ.

ಮಗು ಸುಮಾರು ಮೂರು ವರ್ಷಕ್ಕೆ ಸೊನ್ನೆ ನೋಡಿ ಬರೆಯುತ್ತದೆ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಐದರ ಹೊತ್ತಿಗೆ ಚೌಕ. ಕಣ್ಣು ಕಂಡದ್ದನ್ನು ಕೈ ಮೂಡಿಸುವ ಈ ಹೊಂದಾಣಿಕೆ ಬರುವ ಮೊದಲೇ ಎಲ್‌ಕೆಜಿಯಲ್ಲಿ ಪುಟಗಟ್ಟಲೆ ಬರೆಸಿದರೆ ಕೈ ಸೋಲುತ್ತದೆ, ಅಷ್ಟೇ.

ಅದರಲ್ಲೂ ನಮ್ಮ ಲಿಪಿ ಸುಲಭದ್ದಲ್ಲ. ‘ಶಾಸ್ತ್ರ’ ಎಂದು ಬರೆಯುವ ಮಗುವನ್ನು ಪಕ್ಕದಲ್ಲಿ ಕೂತು ನೋಡಿ. ‘ಸ’ ದೊಡ್ಡದಾಯಿತು. ಕೆಳಗೆ ತಕಾರದ ಒತ್ತು ತುರುಕಿತು. ರಕಾರದ ಒತ್ತಿಗೆ ಜಾಗವೇ ಇಲ್ಲ, ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಬಡಿಯಿತು. ಇಲ್ಲಿ ಕಷ್ಟ ಜಾಗ ಅಂದಾಜು ಮಾಡುವುದರಲ್ಲಿ, ಸೋಮಾರಿತನ ಎಲ್ಲಿಂದ ಬಂತು? ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ ಆಡುವ ಮಗುವಿಗೆ ಇನ್ನೊಂದು ಹೊರೆ. ಯಾವ ಒತ್ತು ಎಂದು ಯೋಚಿಸುತ್ತಾ ನಿಂತರೆ ಬರವಣಿಗೆಯ ಓಟ ತಪ್ಪುತ್ತದೆ.

2009-10ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ, ಅ, ಆ, ಇ, ಈ ಕ್ರಮವನ್ನೇ ಬಿಟ್ಟಿತು. ಸುಲಭ ತಿರುವಿನ ರ, ಗ, ಸ, ದ, ಅ ಮೊದಲು. ಅಜ್ಜಂದಿರಿಗೆ ಸಿಟ್ಟು ಬಂದಿರಬಹುದು, ಕೈಗೆ ಮಾತ್ರ ಇದೇ ಅನುಕೂಲ ಎಂದು ನನ್ನ ಅನಿಸಿಕೆ. ಆಮೇಲೆ ಕೊರೊನಾ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಕ್ಕೋರು ಕೈ ಹಿಡಿದು ತಿದ್ದಿಸಬೇಕಿದ್ದ ವಯಸ್ಸು ಹಾಗೇ ಕಳೆಯಿತು.

ಇನ್ನು ಪೆನ್ಸಿಲ್ ಹಿಡಿತ. ಮೂರು ಬೆರಳೇ ಆಗಬೇಕೆಂದು ಕೈಗೆ ಹೊಡೆಯುವುದು ಸುಮ್ನೆ. ನಾಲ್ಕು ಬೆರಳಲ್ಲಿ ಹಿಡಿದೂ ಚೆನ್ನಾಗಿ ಬರೆಯುವ ಮಕ್ಕಳಿದ್ದಾರೆ. ಅದಕ್ಕಿಂತ ಬೆಂಚಿನಲ್ಲಿ ಕೂತಾಗ ಕಾಲು ನೆಲಕ್ಕೆ ಎಟಕುತ್ತದಾ, ಎಡಗೈ ಮಗುವಿನ ಪುಸ್ತಕ ಓರೆಯಾಗಿದೆಯಾ ನೋಡುವುದು ಮೇಲು.

ಎಷ್ಟು ತಿದ್ದಿಸಿದರೂ ಅಕ್ಷರ ಕೂರದ ಮಕ್ಕಳೂ ಇದ್ದಾರೆ. ಅದಕ್ಕೆ ಡಿಸ್‌ಗ್ರಾಫಿಯಾ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಕಲಿಕಾ ನ್ಯೂನತೆಗಳಲ್ಲಿ ಸೇರಿಸಿದೆ. ಅಂಥ ಮಗುವಿಗೆ ಮತ್ತೆ ಹತ್ತು ಪುಟ ಕಾಪಿ ಕೊಡುವ ಬದಲು ಒಮ್ಮೆ ತಜ್ಞರಿಗೆ ತೋರಿಸಬೇಕು.