ಪುರಭವನದ ಗುಮ್ಮಟ ಸೊಟ್ಟಗಿರುವುದೇಕೆ?

ಚಿತ್ರ ಬರೆಯುವುದನ್ನು ಕಲಿಯಲು ಬಂದವರಿಗೆ ಮೊದಲ ವಾರವೇ ನಾನೊಂದು ಚಿತ್ರದ ದೊಡ್ಡ ಮುದ್ರಿತ ಪ್ರತಿಯನ್ನು ತೋರಿಸುತ್ತೇನೆ. ಡಚ್ ಕಲಾವಿದ ಯಾನ್ ವಾನ್ ಡರ್ ಹೇಡನ್ 1667ರಲ್ಲಿ ಬರೆದ ಆಮ್‌ಸ್ಟರ್‌ಡಾಮ್ ಪುರಭವನ ಅದು. ಮೂಲಚಿತ್ರ ಇಟಲಿಯ ಫ್ಲಾರೆನ್ಸಿನ ಉಫಿಜಿ ಕಲಾಸಂಗ್ರಹಾಲಯದಲ್ಲಿದೆ. ನೋಡಿದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಗುಮ್ಮಟ ಸೊಟ್ಟಗಿದೆಯಲ್ಲ?"

ಸೊಟ್ಟಗಿದೆ, ನಿಜ. ಗಡಿಯಾರವನ್ನೂ ಗಂಟೆಗಳನ್ನೂ ಹೊತ್ತ ಆ ಗುಮ್ಮಟವನ್ನು ಯಾರೋ ತುದಿ ಹಿಡಿದು ಓರೆಯಾಗಿ ಮೇಲಕ್ಕೆಳೆದಂತೆ ಕಾಣುತ್ತದೆ. ಆದರೆ ಇಟ್ಟಿಗೆ ಇಟ್ಟಿಗೆಯ ನಡುವಿನ ಗಾರೆಗೆರೆಯನ್ನೂ ಬಿಡದೆ ಬರೆಯುತ್ತಿದ್ದವನ ಕೈ, ಊರಿಗೆ ಊರೇ ತಲೆಯೆತ್ತಿ ನೋಡುತ್ತಿದ್ದ ಗುಮ್ಮಟದಲ್ಲೇ ಎಡವಿತು ಎಂದರೆ ನಾನು ಒಪ್ಪುವುದಿಲ್ಲ.

ಯಾಕೊಬ್ ವಾನ್ ಕಾಂಪನ್ ರೂಪಿಸಿದ ಈ ಕಟ್ಟಡದ ಕೆಲಸ ಶುರುವಾದದ್ದು 1648ರಲ್ಲಿ. ಮೆತ್ತನೆಯ ನೆಲದಲ್ಲಿ 13,659 ಮರದ ಕಂಬಗಳನ್ನು ಹೂತು ಅದರ ಮೇಲೆ ಕಟ್ಟಿದರು. 1655ರಲ್ಲಿ ಉದ್ಘಾಟನೆಯಾದರೂ ಗುಮ್ಮಟ ಮುಗಿದದ್ದು 1665ರಲ್ಲಿ. ಅಂದರೆ ಚಿತ್ರ ಬರೆಯುವಾಗ ಗುಮ್ಮಟಕ್ಕೆ ಎರಡೇ ವರ್ಷ. ಅದನ್ನು ಬಿಟ್ಟು ಚಿತ್ರ ಬರೆಯುವ ಮಾತೇ ಇರಲಿಲ್ಲ. ಆದರೆ ಹಿಂದೆ ಸರಿದು ನಿಲ್ಲಲು ಪುರಭವನದ ಮುಂದಿನ ಚೌಕದಲ್ಲಿ ಜಾಗವೆಲ್ಲಿ? ನಡುವೆ ವ್ಯಾಪಾರದ ಸರಕನ್ನು ತೂಗುವ ತೂಕದ ಮನೆ ಬೇರೆ ಅಡ್ಡ ನಿಂತಿತ್ತು. ಕಲಾವಿದ ಕಟ್ಟಡದ ಹತ್ತಿರದ ನೆಲೆಯನ್ನೇ ಆರಿಸಿಕೊಂಡ.

ಇಲ್ಲಿ ಸ್ವಲ್ಪ ಲೆಕ್ಕವಿದೆ. ಚಿತ್ರದ ಹಲಗೆಯನ್ನು ಕಿಟಕಿಯ ಗಾಜು ಎಂದುಕೊಳ್ಳಿ. ನೇರ ಎದುರಿಗಿರುವ ಚೆಂಡು ಗಾಜಿನ ಮೇಲೆ ದುಂಡಗೇ ಮೂಡುತ್ತದೆ. ತೀರ ಮೇಲೆ, ಬದಿಯಲ್ಲಿರುವ ಚೆಂಡಿನಿಂದ ಬರುವ ಕಿರಣಗಳು ಗಾಜನ್ನು ಓರೆಯಾಗಿ ದಾಟುತ್ತವೆ. ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಹೋಳು ಉದ್ದವಾಗುತ್ತದಲ್ಲ, ಹಾಗೆಯೇ ಇದೂ. 45 ಡಿಗ್ರಿ ಓರೆಯಲ್ಲಿರುವ ಚಿಕ್ಕ ಚೆಂಡಿನ ಉದ್ದ ಅದರ ಅಗಲದ ಸುಮಾರು 1.4 ಪಟ್ಟಾಗುತ್ತದೆ. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಗುಂಪು ಫೋಟೊದಲ್ಲಿ ಅಂಚಿನವರ ಮುಖ ಹಿಗ್ಗುವುದೂ ಇದರಿಂದಲೇ.

ಗುಮ್ಮಟವನ್ನು ಕಣ್ಣಂದಾಜಿನಲ್ಲಿ ತಿದ್ದಿ ದುಂಡಗೆ ಬರೆಯಬಹುದಿತ್ತು. ಬಹಳ ಜನ ಹಾಗೆಯೇ ಮಾಡುತ್ತಾರೆ, ನಾನೂ ಮಾಡಿದ್ದೇನೆ. ವಾನ್ ಡರ್ ಹೇಡನ್ ಲೆಕ್ಕವನ್ನು ಕೈಬಿಡಲಿಲ್ಲ. ಅದರ ಬದಲು ನೋಡುವವನ ಕಣ್ಣು ಎಲ್ಲಿರಬೇಕೆಂದು ತೋರಿಸಲು ಚೌಕಟ್ಟಿಗೊಂದು ಲೋಹದ ಸಾಧನವನ್ನು ಜೋಡಿಸಿದ. ಮುಂದೆ ಟಸ್ಕನಿಯ ದೊರೆಯಾದ ಕೊಸಿಮೊ ಡಿ ಮೆಡಿಚಿ 1668ರಲ್ಲಿ ಈ ಚಿತ್ರವನ್ನು ಕೊಂಡಾಗ ಆ ಸಾಧನವೂ ಜೊತೆಗಿತ್ತು. ಬೀದಿದೀಪಗಳಿಗೆ ಯೋಜನೆ ಹಾಕಿಕೊಟ್ಟು, ಅಣ್ಣತಮ್ಮಂದಿರು ಸೇರಿ ಬೆಂಕಿ ಆರಿಸುವ ಕೊಳವೆಯ ಪಂಪನ್ನು ರೂಪಿಸಿದ ತಲೆ ಅದು. ಕಣ್ಣಿಗೂ ಒಂದು ಜಾಗ ಗೊತ್ತುಮಾಡಿತು. ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಮೂಲಚಿತ್ರ ಒಂದು ಮೀಟರ್ ಅಗಲವೂ ಇಲ್ಲ. ಹಾಗಾಗಿ ಕಣ್ಣಿನ ಜಾಗ ನಾವೆಣಿಸುವುದಕ್ಕಿಂತ ತೀರ ಹತ್ತಿರ. ತರಗತಿಯಲ್ಲಿ, ಸೊಟ್ಟ ಎಂದವರನ್ನೇ ಮುಂದೆ ಕರೆಯುತ್ತೇನೆ. ಒಂದು ಕಣ್ಣು ಮುಚ್ಚಿ. ಕಿಟಕಿಗಳ ಸಾಲುಗಳು ದೂರದಲ್ಲಿ ಹೋಗಿ ಕೂಡುವ ಬಿಂದುವಿನ ಎತ್ತರಕ್ಕೆ ಇನ್ನೊಂದು ಕಣ್ಣನ್ನು ತನ್ನಿ. ಮುಖ ತಿರುಗಿಸದೆ ಹತ್ತಿರ ಬನ್ನಿ, ಇನ್ನೂ ಹತ್ತಿರ. ಈಗ ಕಣ್ಣುಗುಡ್ಡೆಯನ್ನಷ್ಟೇ ಮೇಲಕ್ಕೆತ್ತಿ. ಗುಮ್ಮಟ ಮೆಲ್ಲಗೆ ಕುಗ್ಗಿ, ನೆಟ್ಟಗಾಗಿ, ಪುರಭವನದ ನೆತ್ತಿಯ ಮೇಲೆ ಕೂರುತ್ತದೆ. "ಓ" ಎಂಬ ಉದ್ಗಾರ ಕೇಳಿದ ಮೇಲೆ ಮುಂದಿನವರನ್ನು ಕರೆಯುತ್ತೇನೆ.