ಲಾಳಿ ನಿಂತ ಆ ಒಂದು ಗಳಿಗೆ

ಗುಳೇದಗುಡ್ಡದ ಓಣಿಯಲ್ಲಿ ನಮ್ಮ ಕಾಕಾನ ಮನೆ. ಮಗ್ಗದ ಸದ್ದು ದೂರದಿಂದಲೇ ಕೇಳುತ್ತದೆ. ಕಾಕಾ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಪ್ಪಸದ ಖಣ ನೇಯುತ್ತಾರೆ, ಕಾಕು ಪಕ್ಕದಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುತ್ತಾರೆ. ಕಳೆದ ಸಲ ಹೋದಾಗ ಕಾಕು, "ಇಲ್ನೋಡ್ರಿ, ಈ ನೂಲಿನ ಬಣ್ಣ ನಮ್ಮ ಬಾಗಲಕ್ಕ ಹಚ್ಚಿದಂಗ ಐತಿ" ಎಂದರು. ಕಾಕಾ ಲಾಳಿ ನಿಲ್ಲಿಸಿದರು. ಕನ್ನಡಕ ಮೇಲಕ್ಕೆ ಸರಿಸಿ ನೂಲು ನೋಡಿದರು, ಬಾಗಿಲು ನೋಡಿದರು. "ಹೌದಲ್ಲ! ಬಾಗಲಾ ಸ್ವಲ್ಪ ಮಾಸೈತಿ" ಎಂದು ಮತ್ತೆ ನೇಯತೊಡಗಿದರು.

ಅಷ್ಟೇ. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ವರ್ಷಗಟ್ಟಲೆ ಕೂತು ಎಣಿಸಿದ್ದು ಇಂಥ ಗಳಿಗೆಗಳನ್ನೇ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನೆಯಂಥದ್ದೇ ಒಂದು ಪ್ರಯೋಗಾಲಯ ಮಾಡಿದರು. ಹೊಸದಾಗಿ ಮದುವೆಯಾದವರನ್ನು ಅಲ್ಲಿ ಇರಿಸಿ, ಕ್ಯಾಮೆರಾ ಹಚ್ಚಿ ನೋಡಿದರು. ಒಬ್ಬರು ಸುಮ್ನೆ ಏನೋ ಅಂದಾಗ ಇನ್ನೊಬ್ಬರು ತಿರುಗಿ ನೋಡುತ್ತಾರಾ, ಇಲ್ವಾ? ಆರು ವರ್ಷದ ನಂತರವೂ ಜೊತೆಗಿದ್ದವರು 100ರಲ್ಲಿ 86 ಸಲ ಓಗೊಟ್ಟಿದ್ದರು. ಬೇರೆಯಾದವರು 33 ಸಲ ಮಾತ್ರ. ಅವರು ನೋಡಿದ್ದು ಅಲ್ಲಿನ ಜೋಡಿಗಳನ್ನು, ನಿಜ. ಆದರೂ ಈ ಅಂಕಿ ಓದಿದಾಗ ನನಗೆ ಕಂಡದ್ದು ಕಾಕಾನ ಕನ್ನಡಕ.

ಹಾಗಂತ ಅವರ ಮನೆಯಲ್ಲಿ ಜಗಳ ಇಲ್ಲ ಅಂತಲ್ಲ. ಮಗಳ ಮದುವೆ ಸಾಲದ ಮಾತು ಇವತ್ತಿಗೂ ಬಗೆಹರಿದಿಲ್ಲ. ಗಂಡ ಹೆಂಡಿರ ತಕರಾರುಗಳಲ್ಲಿ 100ಕ್ಕೆ ಸುಮಾರು 69 ಪಾಲು ಎಂದೂ ಮುಗಿಯದಂಥವು ಎನ್ನುತ್ತಾರೆ ಗಾಟ್‌ಮನ್. ನನಗಿದು ಸಮಾಧಾನದ ಮಾತು ಅನ್ನಿಸುತ್ತದೆ. ಸಿಟ್ಟಿನಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲವಂತೆ. ಆಗ ಕನಿಷ್ಠ 20 ನಿಮಿಷ ಬಿಟ್ಟಿರಬೇಕು. ಕಾಕಾ ಅಂಥ ಹೊತ್ತಿನಲ್ಲಿ ಚಪ್ಪಲಿ ಮೆಟ್ಟಿ ಗುಡಿ ಕಟ್ಟೆಗೆ ಹೋಗುತ್ತಾರೆ. ಬರುವಷ್ಟರಲ್ಲಿ ಇಬ್ಬರ ದನಿಯೂ ಇಳಿದಿರುತ್ತದೆ.

ಇನ್ನೊಂದು ಪ್ರಯೋಗ ನನ್ನ ಮನಸ್ಸಿಗೆ ತುಂಬಾ ಹತ್ತಿರ. ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಕೋನ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು. ಮದುವೆಯಾದ 16 ಹೆಣ್ಣುಮಕ್ಕಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಸಣ್ಣ ಕರೆಂಟ್ ಶಾಕ್ ಬರಬಹುದು ಎಂದು ಮುನ್ಸೂಚನೆ ಕೊಟ್ಟರು. ಗುರುತಿಲ್ಲದವರು ಕೈ ಹಿಡಿದಾಗಲೂ ಮಿದುಳಿನ ಅಂಜಿಕೆ ಸ್ವಲ್ಪ ತಗ್ಗಿತು. ಗಂಡ ಹಿಡಿದಾಗ ಇನ್ನೂ ಜಾಸ್ತಿ ತಗ್ಗಿತು. ಸಂಸಾರ ಚೆನ್ನಾಗಿದ್ದವರಲ್ಲಂತೂ ಎಲ್ಲಕ್ಕಿಂತ ಹೆಚ್ಚು. ಹೋದ ವರ್ಷ ಕಾಕುವಿನ ಕಣ್ಣಿನ ಆಪರೇಷನ್‌ಗೆ ಬಾಗಲಕೋಟೆಗೆ ಹೋದಾಗ, ಒಳಗೆ ಕರೆಯುವ ತನಕ ಕಾಕಾ ಅವರ ಕೈ ಬಿಟ್ಟಿರಲಿಲ್ಲ. ಆ ಕೈಗೆ ಔಷಧದಂಥ ಕೆಲಸವಿತ್ತು ಎಂದು ನನಗೆ ಆಗ ಗೊತ್ತಿರಲಿಲ್ಲ.

ಪ್ರತಿ ಸಲವೂ ತಿರುಗಿ ನೋಡಲು ಆಗುವುದಿಲ್ಲ, ಅಲ್ವಾ? ಅವತ್ತು ಸಂಜೆ ಕಾಕು ಮತ್ತೇನೋ ಹೇಳಹೊರಟರು. "ತಡಿ, ಎಳಿ ಹರದೈತಿ" ಎಂದರು ಕಾಕಾ. ಬಗ್ಗಿ ಎಳೆಯ ಎರಡು ತುದಿ ಹುಡುಕಿದರು. ಬೆರಳಿಗೆ ಸ್ವಲ್ಪ ಬೂದಿ ಹಚ್ಚಿಕೊಂಡು ಹೊಸೆದು ಸೇರಿಸಿದರು. ಕಾಕು ರಾಟಿ ನಿಲ್ಲಿಸಿ ಕಾದರು.

"ಹ್ಞಾಂ, ಏನಂದಿ?"