ಮೀನೇ ಇಲ್ಲದ ಅಕ್ವೇರಿಯಂಗೆ ಪಾಚಿ ಯಾಕೆ ಕಟ್ಟುತ್ತದೆ?

ಪ್ರಶ್ನೆ: ಅಂದಕ್ಕೆಂದು ಹಾಲ್‌ನಲ್ಲಿ ಅಕ್ವೇರಿಯಂ ಇಟ್ಟಿದ್ದೇವೆ. ಮೀನಿಲ್ಲ. ಪ್ಲಾಸ್ಟಿಕ್ ಗಿಡ, ಬಣ್ಣದ ಕಲ್ಲು, ಗುಳ್ಳೆ ಬಿಡುವ ಪಂಪ್ ಅಷ್ಟೇ. ಆದರೂ ಕೆಲವೇ ವಾರಕ್ಕೆ ನೀರು ಹಸಿರಾಗುತ್ತದೆ. ಏನು ಮಾಡಬೇಕು?

ಉತ್ತರ: ಮೀನಿಲ್ಲ ಅಂದಮೇಲೆ ಗಲೀಜೂ ಇಲ್ಲ, ಪಾಚಿ ಎಲ್ಲಿಂದ ಬಂತು ಅಂತ ಅನ್ನಿಸುತ್ತದೆ, ಅಲ್ವಾ? ಪಾಚಿಗೆ ಮೀನು ಬೇಕಿಲ್ಲ. ಅದರ ಸಣ್ಣ ಕಣಗಳು ಗಾಳಿಯಲ್ಲೇ ತೇಲಿ ಬಂದು ನೀರಿಗೆ ಬೀಳುತ್ತವೆ. ನಲ್ಲಿ ನೀರಿನಲ್ಲಿರುವ ಚೂರುಪಾರು ನೈಟ್ರೇಟ್, ಫಾಸ್ಫೇಟ್, ಮೇಲಿಂದ ಬೀಳುವ ಧೂಳು, ಇಷ್ಟೇ ಅದಕ್ಕೆ ಊಟ. ಆಮೇಲೆ ಬೇಕಾಗುವುದು ಬೆಳಕು.

ಹಾಗಾಗಿ ಮೊದಲು ಬೆಳಕು ಕಡಿಮೆ ಮಾಡಿ. ಬಿಸಿಲು ಬೀಳುವ ಕಿಟಕಿಯಿಂದ ಟ್ಯಾಂಕ್ ದೂರ ಇಡಿ. ದೀಪಕ್ಕೆ ಟೈಮರ್ ಹಾಕಿ, ದಿನಕ್ಕೆ ಐದಾರು ಗಂಟೆ ಉರಿದರೆ ಸಾಕು. ಮೇಲೊಂದು ಮುಚ್ಚಳ ಇರಲಿ.

ಆಮೇಲೆ ಒಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯಲೇಬೇಕು. ಕಲ್ಲುಗಳನ್ನು ಬಕೆಟ್‌ಗೆ ಸುರಿದು ಕೈಯಾಡಿಸಿ ನೋಡಿ. ಮೇಲೆ ಫಳಫಳ ಕಾಣುತ್ತಿದ್ದ ಕಲ್ಲಿನಡಿಯಿಂದ ಕಂದು ರಾಡಿ ಏಳುತ್ತದೆ. ಸುಮ್ನೆ ನೀರು ಬದಲಿಸಿದರೆ ಪಾಚಿ ಬೇಗ ವಾಪಸ್ ಬರುವುದು ಇದರಿಂದಲೇ. ಪಂಪಿನ ಪೈಪು, ಗಿಡಗಳ ಬುಡ ಎಲ್ಲವನ್ನೂ ಬ್ರಷ್ ಹಾಕಿ ಉಜ್ಜಿ.

ಈಗ ಮೀನಿಲ್ಲದ್ದರ ದೊಡ್ಡ ಲಾಭಕ್ಕೆ ಬರೋಣ. ಮೀನಿದ್ದರೆ ಕ್ಲೋರಿನ್ ವಿಷ. ನಿಮ್ಮ ಟ್ಯಾಂಕಿಗೆ ಅದೇ ಮದ್ದು. ಪರಿಮಳವಾಗಲಿ ಸೋಪಾಗಲಿ ಇಲ್ಲದ ಸಾದಾ ಬ್ಲೀಚ್ ದ್ರಾವಣ ತನ್ನಿ. ಸೋಪು ಬೆರೆತದ್ದಾದರೆ ಗುಳ್ಳೆಯ ಜೊತೆ ನೊರೆ ಉಕ್ಕುತ್ತದೆ. ಶೇಕಡಾ 5ರ ದ್ರಾವಣವಾದರೆ 50 ಲೀಟರ್ ನೀರಿಗೆ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ ಸಾಕು. ಲೀಟರಿಗೆ ಸುಮಾರು 5 ಮಿಲಿಗ್ರಾಂ ಕ್ಲೋರಿನ್ ಆಯಿತು, ಈಜುಕೊಳದ ನೀರಿಗಿಂತ ತುಸು ಜಾಸ್ತಿ. ಬೆಳಕು ಮತ್ತು ಗಾಳಿಗೆ ಕ್ಲೋರಿನ್ ಕರಗಿ ಹೋಗುವುದರಿಂದ ವಾರಕ್ಕೊಮ್ಮೆ ಮತ್ತೆ ಹಾಕಬೇಕು. ಹೆಚ್ಚು ಹಾಕಿದರೆ ಅಲಂಕಾರದ ವಸ್ತುಗಳ ಬಣ್ಣ ಮಾಸುತ್ತದೆ, ಲೋಹದ ಭಾಗ ತುಕ್ಕು ಹಿಡಿಯುತ್ತದೆ. ನಿಜವಾದ ಗಿಡ ನೆಟ್ಟಿದ್ದರೆ ಮಾತ್ರ ಬ್ಲೀಚ್ ಮುಟ್ಟಲೇಬೇಡಿ.

ಇನ್ನೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ನೀರು ಆವಿಯಾದಂತೆ ಗಾಜಿನ ಮೇಲೆ ಬಿಳಿ ಗೆರೆ ಕೂರುತ್ತದೆ. ಅದನ್ನು ವಿನೆಗರ್ ತೆಗೆಯುತ್ತದೆ ನಿಜ, ಆದರೆ ವಿನೆಗರ್ ಬ್ಲೀಚ್‌ಗೆ ತಾಗಿದರೆ ವಿಷಗಾಳಿ ಏಳುತ್ತದೆ. ಬ್ಲೀಚ್ ನೀರನ್ನು ಪೂರ್ತಿ ಚೆಲ್ಲಿ, ಚೆನ್ನಾಗಿ ತೊಳೆದ ಮೇಲಷ್ಟೇ ವಿನೆಗರ್ ಹಚ್ಚಿ. ಕಡಿಮೆಯಾದ ನೀರಿಗೆ ಡಿಸ್ಟಿಲ್ಡ್ ವಾಟರ್ ಸೇರಿಸುತ್ತಾ ಬಂದರೆ ಆ ಗೆರೆಯೂ ಕಡಿಮೆ, ಪಾಚಿಯ ಊಟವೂ ಕಡಿಮೆ.

ಪಂಪನ್ನು ದಿನಗಟ್ಟಲೆ ನಿಲ್ಲಿಸಬೇಡಿ. ನಿಂತ ನೀರು, ತಿನ್ನಲು ಮೀನಿಲ್ಲ ಅಂದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಊರಿಗೆ ಹೋಗುವಾಗ ಪಂಪ್ ಆರಿಸುವುದಾದರೆ ಟ್ಯಾಂಕನ್ನು ಬರಿದು ಮಾಡಿ ಒಣಗಿಸಿಯೇ ಹೋಗಿ.